ಎರಡನೇ ಶನಿವಾರದ ದೂರುಗಳು

ಹನ್ನೊಂದು ಮಕ್ಕಳನ್ನೂ ಇಪ್ಪತ್ತು ಜನ ಅಜ್ಜ-ಅಜ್ಜಿಯರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಏನೂ ಆಗದೆ ಮನೆಗೆ ಬಂದೆ ಎನ್ನುವವರನ್ನು ನಾನು ನಂಬುವುದಿಲ್ಲ. ಒಂದೋ ಅವರು ಆ ಕೋಣೆಗೆ ಹೋಗಿಯೇ ಇಲ್ಲ, ಇಲ್ಲವೇ ಅಲ್ಲಿ ಕೂತು ನಿದ್ದೆ ಮಾಡಿದ್ದಾರೆ. ನನಗಂತೂ ತಿಂಗಳಿಗೊಂದು ಎಡವಟ್ಟು ಗ್ಯಾರಂಟಿ.

ನಾನು ಹಡಗಿನಲ್ಲಿ ಸರಕು ಸಾಗಿಸುವ ಕಂಪನಿಗಳಲ್ಲಿ ದುಡಿದವಳು. ಮಸ್ಕತ್ತು, ಮೊಂಬಾಸಾ, ಆಂಟ್‌ವರ್ಪ್, ಸಿಂಗಾಪುರ ಎಂದು ಸುತ್ತಿ, ಯಾವ ಊರಿನಲ್ಲೂ ಕಿಟಕಿಗೆ ಪರದೆ ಹೊಲಿಸುವಷ್ಟು ದಿನ ನಿಲ್ಲದೆ, ಸದ್ಯಕ್ಕೆ ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿದ್ದೇನೆ. ಇಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಭೆ ಇದೆ. ಹುಬ್ಬಳ್ಳಿ, ಗದಗ, ಮಂಗಳೂರು, ಬೆಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು. ಸ್ವಂತ ಚರ್ಚಿಲ್ಲ. ಇನ್ನೊಬ್ಬರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ, ಅವರು ಕುಡಿದು ಹೋದ ಕಾಫಿಯ ವಾಸನೆಯಲ್ಲಿ ನಮ್ಮ ಆರಾಧನೆ.

ಒಂದು ಭಾನುವಾರ ನಮ್ಮ ಸಭಾಪಾಲಕರು ನನ್ನನ್ನು ಬಾಗಿಲಲ್ಲೇ ಹಿಡಿದರು.

"ಸಂಡೇ ಸ್ಕೂಲ್ ಮಕ್ಕಳನ್ನ ತಿಂಗಳಿಗೊಂದ್ಸಲ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗೋ ಸೇವೆ ಶುರು ಮಾಡೋಣ ಅಂತಿದೀನಿ. ಸಿಸ್ಟರ್, ಅದಕ್ಕೆ ನೀವೇ ಸರಿ."

"ನನಗೆ ಮಕ್ಕಳಿಲ್ಲವಲ್ಲ ಪಾಸ್ಟರ್."

"ಅದಕ್ಕೇ ನಿಮ್ಮ ಹತ್ರ ಬಂದೆ. ಮಕ್ಕಳಿರೋರು ಯಾರೂ ಒಪ್ಪಲಿಲ್ಲ."

ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಹೆರಿಗೆ ಆಸ್ಪತ್ರೆ ನೆನಪಾಗಬಾರದು. ಒಬ್ಬರೇ ಇರಲಾಗದ, ಎದ್ದು ಓಡಾಡಲು ಕಷ್ಟವಾದ ಹಿರಿಯರು ಇಲ್ಲಿ ವರ್ಷಗಟ್ಟಲೆ ವಾಸ ಮಾಡುತ್ತಾರೆ. ನಮಗೆ ಗೊತ್ತಾದದ್ದು ಪ್ರತಿ ತಿಂಗಳ ಎರಡನೇ ಶನಿವಾರ, ಬೆಳಗ್ಗೆ ಹತ್ತೂವರೆ. ಅಲ್ಲಿಯ ಮ್ಯಾನೇಜರ್ ಎತ್ತರದ ಹೆಂಗಸು, ಕಂಕುಳಲ್ಲಿ ಸದಾ ಒಂದು ನೀಲಿ ಫೈಲು. ಮೊದಲ ದಿನವೇ ಹೇಳಿಬಿಟ್ಟಳು: "ಇಲ್ಲಿ ಮೂರು ದೂರು ಬಂದರೆ ಮುಗೀತು. ಮೂರನೆಯದು ಫೈಲಿಗೆ ಸೇರಿದ ದಿನ ನಿಮ್ಮ ಭೇಟಿ ಬಂದ್."

ನಾನು ಗಂಭೀರವಾಗಿ ತಲೆ ಆಡಿಸಿದೆ. ಒಳಗೊಳಗೇ ಲೆಕ್ಕ ಹಾಕಿದೆ: ಈ ಮಕ್ಕಳ ಸಾಮರ್ಥ್ಯ ನೋಡಿದರೆ ನಾಲ್ಕು ತಿಂಗಳು, ಹೆಚ್ಚೆಂದರೆ ಐದು. ಆಮೇಲೆ ಗೌರವದಿಂದ ಬಿಡುಗಡೆ. ಆ ದಿನ ನನಗೆ ಆ ನೀಲಿ ಫೈಲಿನ ಮೇಲೆ ಸ್ವಲ್ಪ ಪ್ರೀತಿಯೇ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೇ ಸಲ ಯಾರೂ ಕೇಳಲಿಲ್ಲ

ನಮ್ಮ ಗುಂಪಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಇಲ್ಲಿಗೆ ಹತ್ತಿರದ ಡಬ್ಲಿನ್ ಎಂಬ ಊರಿನ ಎಂಜಿನಿಯರೊಬ್ಬರ ಮಗಳು. ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಅವಳ ಅಜ್ಜಿ ಈ ಮೊಮ್ಮಗಳನ್ನು ತಿದ್ದುವ ಕೆಲಸ ಕೈಗೆತ್ತಿಕೊಂಡಿದ್ದರು. ಮುಂದೆ ನಡೆದ ಎಲ್ಲದರ ಮೂಲ ಇದೇ.

ಅಜ್ಜಿಯ ಮೊದಲ ಪಾಠ: "ಯಾರರ ಏನರ ಕೊಟ್ಟರ ಒಮ್ಮೆಲೆ ಕೈ ಚಾಚಬಾರದವಾ. ಮೊದಲನೇ ಸಲ ಬ್ಯಾಡ ಅನ್ನಬೇಕು. ಎರಡನೇ ಸಲಾನೂ ಬ್ಯಾಡ. ಮೂರನೇ ಸಲಕ್ಕ ತಗೋಬೇಕು."

ಆ ನರ್ಸಿಂಗ್ ಹೋಮಿನಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಇದ್ದರು, ತೊಂಬತ್ತು ದಾಟಿದವರು. ಮಕ್ಕಳು ಅವರಿಗೆ ಟೀಚರಜ್ಜಿ ಎಂದು ಹೆಸರಿಟ್ಟಿದ್ದರು. ಮೊದಲ ಭೇಟಿಯಲ್ಲೇ ಅವರು ತಮ್ಮ ಗಾಲಿಕುರ್ಚಿಯ ಚೀಲದಿಂದ ಒಂದು ಚಿನ್ನದ ಬಣ್ಣದ ಕಾಗದದ ಪೆಪ್ಪರಮೆಂಟು ತೆಗೆದು ಈ ಹುಡುಗಿಯ ಮುಂದೆ ಹಿಡಿದರು.

"ನೋ, ಥ್ಯಾಂಕ್ಯೂ," ಎಂದಳು ಹುಡುಗಿ, ಕಣ್ಣು ಮಾತ್ರ ಪೆಪ್ಪರಮೆಂಟಿನ ಮೇಲೆ.

"ಸರಿ ಮಗು," ಎಂದು ಟೀಚರಜ್ಜಿ ಅದನ್ನು ತಾವೇ ಬಾಯಿಗೆ ಹಾಕಿಕೊಂಡರು.

ಹುಡುಗಿ ಒಂದು ನಿಮಿಷ ಕಾದಳು. ಆಮೇಲೆ ಅವಳು ಅತ್ತದ್ದು ಹೊರಗಿನ ಪಾರ್ಕಿಂಗ್ ಲಾಟಿಗೂ ಕೇಳಿರಬೇಕು. "ಅವರು ಮತ್ತೆ ಕೇಳಲೇ ಇಲ್ಲ! ಇನ್ನೂ ಎರಡು ಸಲ ಕೇಳಬೇಕಿತ್ತು!"

ನಾನು ಟೀಚರಜ್ಜಿಗೆ ನಮ್ಮ ಪದ್ಧತಿ ವಿವರಿಸಿದೆ. ಅವರು ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳಿಸಿಕೊಂಡು, "ಅಂದರೆ ಮೂರು ಸಲ ಕೇಳಿಸಿಕೊಳ್ಳೋ ಹಕ್ಕು ದೊಡ್ಡವರಿಗೂ ಇದೆಯೋ, ಚಿಕ್ಕವರಿಗೆ ಮಾತ್ರವೋ?" ಎಂದರು.

"ಎಲ್ಲರಿಗೂ ಇದೆ."

"ತುಂಬಾ ಒಳ್ಳೆ ಪದ್ಧತಿ," ಎಂದರು. ಅಷ್ಟರಲ್ಲಿ ನರ್ಸು ಮಾತ್ರೆಯ ಗಾಡಿ ತಳ್ಳಿಕೊಂಡು ಬಂದಳು. ಟೀಚರಜ್ಜಿ ಬೇಡ ಎಂದರು. ನರ್ಸು ಎರಡನೇ ಸಲ ಕೇಳಿದಳು. ಮತ್ತೆ ಬೇಡ ಎಂದರು. ನರ್ಸು ಸುಸ್ತಾಗಿ ಕೈಬಿಟ್ಟು ಹೊರಟಾಗ, "ಇನ್ನೊಂದ್ಸಲ ಬಾಕಿ ಇದೆ!" ಎಂದು ಕೂಗಿ ಕರೆದರು. ಪಕ್ಕದಲ್ಲಿದ್ದ ನಾಲ್ವರೂ ಅದನ್ನೇ ಕಲಿತರು.

ಫೈಲಿನ ಮೊದಲ ದೂರು ನರ್ಸಿನದು: "ಬೆಳಗಿನ ಮಾತ್ರೆ ಮುಗಿಯುವುದು ಇಪ್ಪತ್ತು ನಿಮಿಷ ತಡ. ಕಾರಣ: ಸಂಸ್ಕೃತಿ."

ಆಮೆನ್ ಹೇಳುವ ಅಧಿಕಾರ

ಮಕ್ಕಳ ಹಾಡಿನ ನಂತರ ನಮ್ಮ ಸಭೆಯ ಹಿರಿಯರೊಬ್ಬರು ಪ್ರಾರ್ಥನೆ ಮಾಡುವುದು ವಾಡಿಕೆ. ಒಳ್ಳೆಯ ಮನುಷ್ಯ. ಆದರೆ ಅವರ ಪ್ರಾರ್ಥನೆ ಭೂಮಿ ಆಕಾಶಗಳ ಸೃಷ್ಟಿಯಿಂದ ಶುರುವಾಗುತ್ತದೆ. ಅಲ್ಲಿಂದ ದೇಶಗಳನ್ನು ಆಳುವವರು, ಅಲ್ಲಿಂದ ರೆಡ್‌ವುಡ್ ಸಿಟಿಯಲ್ಲಿ ಕೆಲಸ ಕಳೆದುಕೊಂಡವರು, ಆಮೇಲೆ ವೀಸಾದವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು. ಹೀಗೆ ಬಂದು ಕೊನೆಗೆ ಮುಪ್ಪಿನವರು, ರೋಗಿಗಳು. ಭಾಷೆ ಇಂಗ್ಲಿಷಿಗೆ ಬದಲಾಗಿತ್ತೇ ಹೊರತು ಉದ್ದ ಬದಲಾಗಿರಲಿಲ್ಲ.

ನರ್ಸಿಂಗ್ ಹೋಮಿನಲ್ಲೊಬ್ಬ ಅಜ್ಜ, ಆಯುಷ್ಯವೆಲ್ಲ ಲೋಕಲ್ ರೈಲಿನಲ್ಲಿ ಕಂಡಕ್ಟರಾಗಿದ್ದವರು. ಈಗಲೂ ತಲೆಗೆ ಟೋಪಿ, ಕೈಯಲ್ಲಿ ಗಡಿಯಾರ. ನಮ್ಮ ಹಿರಿಯರು ಕಣ್ಣು ಮುಚ್ಚಿ ಸೃಷ್ಟಿ ಮುಗಿಸಿ, ರಾಜ್ಯಾಡಳಿತಕ್ಕೆ ಕಾಲಿಟ್ಟಿದ್ದರಷ್ಟೆ. ಕಂಡಕ್ಟರಜ್ಜ ಗಡಿಯಾರ ನೋಡಿಕೊಂಡರು. ಸರಿಯಾಗಿ ಎರಡು ನಿಮಿಷಕ್ಕೆ, ಗಾಡಿ ಬಿಡುವ ದನಿಯಲ್ಲಿ, "ಆಮೆನ್!" ಎಂದರು.

ಇಡೀ ಕೋಣೆ "ಆಮೆನ್" ಎಂದಿತು. ಮಕ್ಕಳು ಬಿಸ್ಕತ್ತಿನ ಕಡೆ ಓಡಿದರು. ಹಿರಿಯರು ಕಣ್ಣು ಬಿಟ್ಟಾಗ ಮುಂದಿನ ಸಾಲು ಖಾಲಿ.

ಹಿಂದಿರುಗುವಾಗ ಫ್ರೀವೇ ಉದ್ದಕ್ಕೂ ಅವರಿಗೆ ಅದೇ ಕೊರಗು. "ನಾನಿನ್ನೂ ರೋಗಿಗಳ ಹತ್ರ ಬಂದೇ ಇರಲಿಲ್ಲ ಸಿಸ್ಟರ್. ಯಾರಿಗೋಸ್ಕರ ಹೋಗಿದ್ವೋ ಅವರನ್ನೇ ಬಿಟ್ಟಂಗಾಯ್ತು."

"ಮುಂದಿನ ಸಲ ಕೊನೆಯಿಂದ ಶುರು ಮಾಡಿ," ಎಂದೆ.

ಹಾಗೇ ಮಾಡಿದರು. ಅಂದಿನಿಂದ ರೋಗಿಗಳ ಪ್ರಾರ್ಥನೆ ಒಂದು ತಿಂಗಳೂ ತಪ್ಪಿಲ್ಲ. ಗ್ರೀನ್ ಕಾರ್ಡಿನವರು ಇನ್ನೂ ಕಾಯುತ್ತಿದ್ದಾರೆ.

ಬರಿಗೈಲಿ ಹ್ಯಾಂಗ ಹೋಗೂದು

ಹೊರಗಿನ ತಿಂಡಿ ತರಬಾರದು ಎಂಬುದು ನರ್ಸಿಂಗ್ ಹೋಮಿನ ಕಟ್ಟುನಿಟ್ಟು. ಡಿಸೆಂಬರಿನಲ್ಲಿ ಇದು ನಮ್ಮವರಿಗೆ ಬಹಳ ಕಷ್ಟದ ನಿಯಮ. ಮನೆಮನೆಯಲ್ಲೂ ಕರ್ಜಿಕಾಯಿ, ಚಕ್ಕುಲಿ ಕರಿಯುವ ಹೊತ್ತು. ಹುಬ್ಬಳ್ಳಿ ಅಜ್ಜಿಯವರಂತೂ ನನ್ನ ಮಾತನ್ನು ನಂಬಲೇ ಇಲ್ಲ.

"ಹಿರ್ಯಾರನ್ನ ನೋಡಾಕ ಬರಿಗೈಲೆ ಹ್ಯಾಂಗ ಹೋಗೂದ್ರಿ ಅಕ್ಕಾರ? ಮಂದಿ ಏನಂದಾರು?"

"ಮಂದಿ ಏನೂ ಅನ್ನೋದಿಲ್ಲ ಅಜ್ಜಿ. ಮ್ಯಾನೇಜರ್ ಅಂತಾಳೆ."

ಬಂದರುಗಳಲ್ಲಿ ಕಸ್ಟಮ್ಸಿನವರನ್ನು ಸಾಕಷ್ಟು ನೋಡಿದವಳು ನಾನು. ಅವರ ಹಾಗೆಯೇ ಬಾಗಿಲಲ್ಲಿ ನಿಂತು ಹನ್ನೊಂದು ಚೀಲ, ಒಂದು ಗಿಟಾರಿನ ಪೆಟ್ಟಿಗೆ, ಒಬ್ಬ ಕುರುಬನ ವೇಷದ ಹುಡುಗನ ಜೋಳಿಗೆ ಎಲ್ಲ ತಪಾಸಣೆ ಮಾಡಿದೆ. ಏನೂ ಸಿಗಲಿಲ್ಲ. ಅಜ್ಜಿಯವರ ಶಾಲಿನೊಳಗೆ ಕೈ ಹಾಕುವ ಧೈರ್ಯ ಮಾತ್ರ ಬರಲಿಲ್ಲ.

ಮಕ್ಕಳು ಕ್ರಿಸ್‌ಮಸ್ ಹಾಡು ಎತ್ತಿಕೊಂಡರು. ಎರಡನೇ ಚರಣದಲ್ಲಿ ಕೋಣೆಯ ಹಿಂದಿನಿಂದ ಕಟುಂ ಕಟುಂ ಎಂಬ ತಾಳ ಕೇಳಿತು. ತಿರುಗಿ ನೋಡಿದರೆ ಅಜ್ಜಿಯವರ ಶಾಲಿನೊಳಗಿಂದ ಸ್ಟೀಲ್ ಡಬ್ಬಿ ಹೊರಬಂದಿತ್ತು, ಚಕ್ಕುಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಟೀಚರಜ್ಜಿಯ ಅಂಗೈಯಲ್ಲಿ ಅರ್ಧ ಚಕ್ಕುಲಿ. ಅದರ ಪಕ್ಕದಲ್ಲಿ ಅವರದೇ ಕೆಳಗಿನ ಹಲ್ಲಿನ ಸೆಟ್ಟು, ಎರಡು ತುಂಡಾಗಿ.

"ಕ್ಷಮಿಸಿ, ಕ್ಷಮಿಸಿ" ಎಂದು ಓಡಿದೆ. ಅವರು ತುಂಡುಗಳನ್ನು ಕರವಸ್ತ್ರದಲ್ಲಿ ಅಚ್ಚುಕಟ್ಟಾಗಿ ಕಟ್ಟಿ, ಅಜ್ಜಿಯ ಕಡೆ ಕೈ ಚಾಚಿದರು. "ಇನ್ನೊಂದು ಕೊಡಿ. ಮುರಿಯೋಕೆ ಇನ್ನೇನೂ ಉಳಿದಿಲ್ಲ."

ಎರಡನೇ ದೂರು ಫೈಲಿಗೆ ಬಂದೇ ಬಂತು. ಬರೆದವರು ಟೀಚರಜ್ಜಿ ಅಲ್ಲ. ಮಹಡಿಯ ಮೇಲಿನವರು: ತಮಗೆ ಚಕ್ಕುಲಿ ಕಳಿಸಿಲ್ಲವಂತೆ.

ಈ ಸಲ ಮ್ಯಾನೇಜರ್ ಫೋನು ಮಾಡಿ "ಇನ್ನು ಒಂದೇ ಒಂದು ಉಳಿದಿದೆ, ನೆನಪಿರಲಿ" ಎಂದಾಗ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಅಷ್ಟರಲ್ಲಿ ನನಗೊಂದು ವಿಷಯ ತಿಳಿದುಹೋಗಿತ್ತು. ನರ್ಸಿಂಗ್ ಹೋಮಿಗೆ ವಾರವಾರ ಶುಕ್ರವಾರ ಕೂದಲು ಕತ್ತರಿಸುವವಳು ಬರುತ್ತಾಳೆ. ಟೀಚರಜ್ಜಿ ಅವಳ ಹತ್ತಿರ ಹೋಗುವುದು ತಿಂಗಳಿಗೊಂದೇ ಸಲ, ಎರಡನೇ ಶನಿವಾರದ ಹಿಂದಿನ ದಿನ. ಬೇರೆ ಯಾರೂ ನೋಡಲು ಬರುವುದಿಲ್ಲವಾದ್ದರಿಂದ ಉಳಿದ ಶುಕ್ರವಾರಗಳಲ್ಲಿ ಅವರಿಗೆ ಅದರ ಅಗತ್ಯ ಕಾಣುವುದಿಲ್ಲ. ಇದನ್ನು ಕೇಳಿದ ಮೇಲೆ ಆ ಫೈಲಿನ ಮೇಲಿದ್ದ ಪ್ರೀತಿ ಹೋಗಿ ಭಯ ಹತ್ತಿತು. ಯಾವ ಊರು ಬಿಡುವಾಗಲೂ ಆಗದ ಸಂಕಟ.

ಎಂಜಿನಿಯರ್ ವಿಚಾರಿಸಿದ್ದು

ಡಬ್ಲಿನ್‌ನ ಎಂಜಿನಿಯರು, ಅಂದರೆ ಆ ಹುಡುಗಿಯ ಅಪ್ಪ, ನಮ್ಮ ವ್ಯಾನ್ ಓಡಿಸುತ್ತಾರೆ. ಎಲ್ಲಿಗೆ ಹೋದರೂ ವಿಚಾರಿಸುವುದು ಅವರ ಸ್ವಭಾವ. ಡೇಕೇರಿಗೆ ಹೋದರೆ ಅಲ್ಲಿಯ ವೇಟಿಂಗ್ ಲಿಸ್ಟು ಕೇಳುತ್ತಾರೆ, ಸ್ನೇಹಿತರ ಅಪಾರ್ಟ್‌ಮೆಂಟಿಗೆ ಹೋದರೆ ನಲ್ಲಿ ತಿರುಗಿಸಿ ನೋಡುತ್ತಾರೆ. ಜನವರಿಯಲ್ಲಿ ನನ್ನ ಭಯ ಕಂಡು ಮಕ್ಕಳೆಲ್ಲ ಗುಮ್ಮನೆ ಕೂತಿದ್ದರು. ಇವರು ಮಾತ್ರ ಒಬ್ಬ ಸಹಾಯಕಿಯನ್ನು ಹಿಡಿದು ವಿಚಾರಣೆ ಶುರು ಮಾಡಿದ್ದರು.

"ಈ ಕಡೆ ರೂಮಿಗೆ ಬೆಳಗಿನ ಬಿಸಿಲು ಬರುತ್ತಾ? ಲಿಸ್ಟಲ್ಲಿ ಎಷ್ಟು ಜನ ಇದಾರೆ? ಬಾತ್‌ರೂಮು ಒಬ್ಬರಿಗೇನಾ, ಶೇರಿಂಗಾ?"

ಸಹಾಯಕಿ ಮುಖದ ತುಂಬ ಕರುಣೆ ತುಂಬಿಕೊಂಡು, ಪಕ್ಕದಲ್ಲೇ ಕೂತಿದ್ದ ಹುಬ್ಬಳ್ಳಿ ಅಜ್ಜಿಯ ಭುಜ ತಟ್ಟಿದಳು. "ಹೆದರಬೇಡಿ ಅಮ್ಮ. ಮೊದಲನೇ ವಾರ ಎಲ್ಲರಿಗೂ ಕಷ್ಟ. ಆಮೇಲೆ ಹೊಂದಿಕೋತೀರಿ."

ಅಜ್ಜಿಗೆ ಇಂಗ್ಲಿಷು ಬಾರದು ಎಂದುಕೊಂಡವರು ನಾವು. ಬೇಕಾದಷ್ಟು ಬರುತ್ತಿತ್ತು.

"ಏನಲೇ," ಎಂದು ಮಗನ ಕಡೆ ತಿರುಗಿದರು. "ಮಮ್ಮಗಳನ್ನ ನೋಡೂಣು ಬಾ ಅಂತ ವಿಮಾನಾ ಹತ್ತಿಸಿ ನನ್ನ ಇಲ್ಲಿ ಬಿಡಾಕ ಕರಕೊಂಡ ಬಂದೀಯೇನು?"

"ಅಯ್ಯೋ ಅವ್ವಾ, ಸುಮ್ನ ಕೇಳಿದೆ!"

"ಸುಮ್ನ ಯಾರರ ಬಾತ್‌ರೂಮ್ ಕೇಳ್ತಾರೇನು?"

ಒಂದು ವಾರ ಅಜ್ಜಿ ಮಗನ ಜೊತೆ ಮಾತು ಬಿಟ್ಟರು. ಮುಂದಿನ ತಿಂಗಳು ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕೂತಿದ್ದರು. ಅಲ್ಲಿಗೆ ಹೋದವರೇ ಗೋಡೆಗೆ ಅಂಟಿಸಿದ್ದ ದಿನದ ಪಟ್ಟಿಯ ಮುಂದೆ ನಿಂತು, ಮೊಮ್ಮಗಳ ಕೈಲಿ ಸಾಲುಸಾಲಾಗಿ ಓದಿಸಿದರು. ಎಂಟು ಗಂಟೆಗೆ ತಿಂಡಿ, ಹತ್ತಕ್ಕೆ ವ್ಯಾಯಾಮ, ಮೂರಕ್ಕೆ ಹಾಡು, ಸಂಜೆಗೆ ಆಟ. ಬಹಳ ಹೊತ್ತು ಯೋಚನೆ ಮಾಡಿ ಮಗನನ್ನು ಕರೆದರು.

"ಮುಂಜಾನೆದ್ದು ಯಾರಿಗೂ ಚಹಾ ಮಾಡಿಕೊಡೂದಿಲ್ಲೇನು ಇಲ್ಲಿ?"

"ಇಲ್ಲವ್ವಾ. ಇವರಿಗೇ ಮಾಡಿ ಕೊಡ್ತಾರ."

"ಹಂಗಾರ ಹೆಸರು ಬರಸೇ ಬಿಡು."

ಎಡಗಡೆ ಬಾಕಿ ಇದೆ

ಮಾರ್ಚಿನ ಶನಿವಾರ ಮ್ಯಾನೇಜರ್ ಖುದ್ದಾಗಿ ನಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಫೈಲು ಕಂಕುಳಲ್ಲಿ. ನಾನು ವ್ಯಾನಿನಲ್ಲೇ ಮಕ್ಕಳಿಗೆ ಹೇಳಿದ್ದೆ: "ಇವತ್ತು ಒಂದು ದೂರು ಬಂದರೂ ನಾವು ಇನ್ಯಾವತ್ತೂ ಇಲ್ಲಿಗೆ ಬರೋ ಹಾಗಿಲ್ಲ." ಮಕ್ಕಳು ಅಂದು ಎಷ್ಟು ಸಭ್ಯರಾಗಿದ್ದರೆಂದರೆ, ಟೀಚರಜ್ಜಿ ಹೊಸದಾಗಿ ಗುಂಗುರು ಮಾಡಿಸಿಕೊಂಡ ತಲೆ ಆಡಿಸಿ, "ಯಾರಿಗಾದರೂ ಹುಷಾರಿಲ್ಲವಾ?" ಎಂದು ಕೇಳಿದರು.

ಹಾಡು ಶುರುವಾಗುವ ಹೊತ್ತಿಗೆ ಕಂಡಕ್ಟರಜ್ಜ ಬಂದಿರಲಿಲ್ಲ. ಮೂರು ವಾರದಿಂದ ಬೆನ್ನು ಹಿಡಿದುಕೊಂಡು ಹಾಸಿಗೆ ಬಿಟ್ಟಿಲ್ಲವಂತೆ. ಅವರ ಕೋಣೆ ಪಕ್ಕದ್ದೇ. ನಾನು ಆ ಆರು ವರ್ಷದ ಹುಡುಗಿಯ ಕೈಗೆ ಮಕ್ಕಳು ಮಾಡಿದ್ದ ಒಂದು ಕಾರ್ಡು ಕೊಟ್ಟೆ. "ಹೋಗಿ ಕೊಟ್ಟು, ಹೇಗಿದೀರಿ ಅಂತ ಕೇಳಿ ಬಾ."

ಮೊದಲ ಹಾಡು ಮುಗಿಯಿತು. ಎರಡನೆಯದೂ ಮುಗಿಯಿತು. ಹುಡುಗಿ ಬರಲಿಲ್ಲ. ನಾನು ಸದ್ದಾಗದಂತೆ ಎದ್ದೆ. ಮ್ಯಾನೇಜರೂ ಹಿಂದೆಯೇ ಬಂದಳು.

ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿಂದ "ಹಾ... ಹಾ... ಅಲ್ಲೇ..." ಎಂಬ ನರಳಾಟ. ಮ್ಯಾನೇಜರ್ ಬಾಗಿಲು ತಳ್ಳಿದಳು.

ಕಂಡಕ್ಟರಜ್ಜ ಹಾಸಿಗೆಯ ಮೇಲೆ ಬೋರಲು ಮಲಗಿ ದಿಂಬಿನಲ್ಲಿ ಮುಖ ಹುದುಗಿಸಿದ್ದರು. ಅವರ ಬೆನ್ನ ಮೇಲೆ ನಮ್ಮ ಹುಡುಗಿ. ಮಂಚದ ಕಂಬಿ ಹಿಡಿದುಕೊಂಡು, ಸೊಂಟದಿಂದ ಹೆಗಲಿನವರೆಗೆ, ಹೆಗಲಿನಿಂದ ಸೊಂಟದವರೆಗೆ, ಪುಟ್ಟ ಹೆಜ್ಜೆ ಇಡುತ್ತ ನಡೆಯುತ್ತಿದ್ದಳು. ಕನ್ನಡದಲ್ಲಿ ಎಣಿಸುತ್ತಿದ್ದಳು. ಅವಳಿಗೆ ಬರುವುದು ಹತ್ತರವರೆಗೆ, ಆದ್ದರಿಂದ ಹತ್ತಾದ ಮೇಲೆ ಮತ್ತೆ ಒಂದು.

ಮ್ಯಾನೇಜರಿನ ಫೈಲು ನೆಲಕ್ಕೆ ಬಿತ್ತು. "ಆ ಮನುಷ್ಯನಿಗೆ ಎಂಬತ್ತೇಳು ವರ್ಷ!"

"ನಮ್ಮಜ್ಜಂಗೆ ವಿಡಿಯೋ ಕಾಲ್‌ನಲ್ಲಿ ಮಾಡೋಕಾಗಲ್ಲ ಅಲ್ವಾ," ಎಂದಳು ಹುಡುಗಿ ಇಂಗ್ಲಿಷಿನಲ್ಲಿ, ನಡಿಗೆ ನಿಲ್ಲಿಸದೆ. ಹುಬ್ಬಳ್ಳಿಗೆ ಹೋದಾಗ ಅಜ್ಜನ ಬೆನ್ನು ತುಳಿಯುವುದು ಅವಳ ದಿನದ ಕೆಲಸವಂತೆ. ಆಮೇಲೆ ಮ್ಯಾನೇಜರಿಗೆ ಸಮಾಧಾನ ಹೇಳುವಂತೆ, "ಶೂ ತೆಗೆದಿದೀನಿ," ಎಂದಳು. ನಿಜ. ಮಂಚದ ಕೆಳಗೆ ಪುಟ್ಟ ಶೂಗಳು ಜೋಡಿಸಿ ಇಟ್ಟಿದ್ದವು.

"ಇಳಿ! ಈಗಲೇ ಇಳಿ!"

ದಿಂಬಿನೊಳಗಿಂದ ಕಂಡಕ್ಟರಜ್ಜನ ದನಿ ಬಂತು. "ಯಾರೂ ಇಳಿಯೋ ಹಾಗಿಲ್ಲ. ಬಾಗಿಲು ಹಾಕಿ. ಎಡಗಡೆ ಬಾಕಿ ಇದೆ."

ಹುಡುಗಿಯನ್ನು ನಾನೇ ಎತ್ತಿ ಇಳಿಸಿದೆ. ನರ್ಸು ಬಂದು ಮುಟ್ಟಿ, ಒತ್ತಿ, ತಿರುಗಿಸಿ ನೋಡಿದಳು. ಏನೂ ಆಗಿರಲಿಲ್ಲ. ಅಜ್ಜ ತಾವೇ ಎದ್ದು ಕೂತು, ಟೋಪಿ ಹಾಕಿಕೊಂಡು, ವಾಕರ್ ಹಿಡಿದು ಹಾಡಿನ ಕೋಣೆಗೆ ನಡೆದೇಬಿಟ್ಟರು. ಹೋಗುವಾಗ ಮ್ಯಾನೇಜರಿಗೆ, "ದೂರು ನನ್ನ ಹೆಸರಲ್ಲಿ ಬರೀಬೇಡ," ಎಂದರು.

"ನನ್ನ ಹೆಸರಲ್ಲೇ ಬರೀತೀನಿ," ಎಂದಳು ಮ್ಯಾನೇಜರ್. ಮುಖ ಕೆಂಪಾಗಿತ್ತು. "ಕಣ್ಣಾರೆ ನೋಡಿದೀನಿ. ನಿಯಮ ಅಂದ್ರೆ ನಿಯಮ."

ನಾನು ಬೇಡಿಕೊಳ್ಳುವುದು ಕಡಿಮೆ. ಅಂದು ಬೇಡಿಕೊಂಡೆ. ಅವಳು ಫೈಲು ಎತ್ತಿಕೊಂಡು ತನ್ನ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದ ಹಾಡು ಹಾಡಿಸಿದೆ, ಹೇಗೆ ಹಾಡಿಸಿದೆನೋ. ಹೊರಡುವಾಗ ಟೀಚರಜ್ಜಿ ನನ್ನ ಕೈ ಹಿಡಿದು, "ಮುಂದಿನ ತಿಂಗಳು ಕೂದಲಿಗೆ ಬಣ್ಣ ಹಾಕಿಸೋಣ ಅಂತಿದೀನಿ. ಮಕ್ಕಳು ನಗ್ತಾರಾ?" ಎಂದರು. ಚೆನ್ನಾಗಿರುತ್ತೆ ಎಂದು ತಲೆ ಮಾತ್ರ ಆಡಿಸಿದೆ.

ಪಾರ್ಕಿಂಗ್ ಲಾಟಿನಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವ್ಯಾನಿಗೆ ಹತ್ತಿಸುತ್ತ, ಇವರಿಗೆ ಏನು ಹೇಳಲಿ, ಪಾಸ್ಟರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಹುಬ್ಬಳ್ಳಿ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. "ನಂದ ತಪ್ಪು ಅಕ್ಕಾರ. ತುಳಿಯೂದು ನಾನ ಕಲಿಸಿದ್ದು."

ಅಷ್ಟರಲ್ಲಿ ಬಾಗಿಲು ತೆರೆದು ಮ್ಯಾನೇಜರ್ ಬೇಗಬೇಗ ನಮ್ಮ ಕಡೆಗೇ ಬಂದಳು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಪೆನ್ನು.

"ಒಂದು ನಿಮಿಷ. ಆ ಹುಡುಗಿಯ ತೂಕ ಎಷ್ಟು?"

"ನಲವತ್ತೆರಡು ಪೌಂಡು," ಎಂದರು ಎಂಜಿನಿಯರು ತಕ್ಷಣ. ಅಳತೆ ಕೇಳಿದರೆ ಅವರು ಸುಮ್ಮನಿರಲಾರರು.

ಅವಳು ಬರೆದುಕೊಂಡಳು. ನನ್ನ ಕೊನೆಯ ಆಸೆಯೂ ಹೋಯಿತು. "ದೂರಿಗೆ ಅದೂ ಬೇಕಾ?" ಎಂದೆ.

ಮ್ಯಾನೇಜರ್ ಹಿಂದೆ ತಿರುಗಿ ಒಮ್ಮೆ ಬಾಗಿಲ ಕಡೆ ನೋಡಿದಳು. ನನ್ನ ಹತ್ತಿರ ಸರಿದಳು. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ದೂರು ಬರೀಬೇಕು ಅಂದ್ರೆ ಕುರ್ಚಿ ಮೇಲೆ ಕೂರಬೇಕಲ್ಲ. ಹದಿನೈದು ದಿನದಿಂದ ನನ್ನ ಸೊಂಟ ಕೂರೋಕೆ ಬಿಡ್ತಿಲ್ಲ." ದನಿ ಇನ್ನೂ ತಗ್ಗಿತು. "ಮುಂದಿನ ತಿಂಗಳೂ ಹತ್ತೂವರೆಗೇ ತಾನೇ ನೀವು ಬರೋದು? ಅಲ್ಲಿವರೆಗೆ ತಡೆಯೋಕಾಗಲ್ಲ. ನಮ್ಮ ಮನೆಯಲ್ಲಿ ಒಬ್ಬ ಮಗ ಇದಾನೆ, ಅರವತ್ತೈದು ಪೌಂಡು. ಜಾಸ್ತಿ ಆಗುತ್ತಾ?"

ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿ ಸೆರಗು ಇಳಿಸಿ, ಮ್ಯಾನೇಜರನ್ನು ತಲೆಯಿಂದ ಕಾಲಿನವರೆಗೆ, ಕಾಲಿನಿಂದ ಸೊಂಟದವರೆಗೆ ದೊಡ್ಡ ಡಾಕ್ಟರ ಹಾಗೆ ಅಳೆದು ನೋಡಿದರು.

"ನಡೀತದ," ಎಂದರು. "ಆದ್ರ ಹುಡುಗ ಉಣ್ಣೂಕಿಂತ ಮೊದಲ ಹತ್ತಿಸ್ಕೊ ಅನ್ರಿ."